ನಿಂತವರಿಗೆ ಸಿಗುವ ಶಾಂತಿ

ಗಡಿಯಾರದ ಮುಳ್ಳಿಗಿಂತ ಮುಂದೆ ಓಡುವ ಊರುಗಳು ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ. ಕ್ರಿಸ್‌ಮಸ್ ಇವುಗಳ ಮುಂದಿಡುವ ಬೇಡಿಕೆ ಒಂದೇ: ಸ್ವಲ್ಪ ಹೊತ್ತು ನಿಲ್ಲಿ. ದೇವರ ಶಾಂತಿಯನ್ನು ದುಡಿದು ಗಳಿಸಲಾಗದು, ಕೈಯೊಡ್ಡಿ ಪಡೆಯಬೇಕು.

ಡಿಸೆಂಬರ್ 24ರ ಸಂಜೆ ಆರೂವರೆ. ಕಲ್ಯಾಣ್ ಲೋಕಲ್ ಥಾಣೆ ಬಿಡುವಾಗ ಲೇಡೀಸ್ ಡಬ್ಬದಲ್ಲಿ ಕಾಲೂರಲು ಜಾಗವಿಲ್ಲ. ಕಿಟಕಿ ಪಕ್ಕ ಕುಳಿತ ಇಬ್ಬರು ಬಟಾಣಿ ಸುಲಿಯುತ್ತಿದ್ದಾರೆ. ಮೇಲಿನ ರ‍್ಯಾಕಿನಲ್ಲಿ ಟಿಫಿನ್ ಚೀಲಗಳ ನಡುವೆ ಒಂದು ಕೇಕಿನ ಪೆಟ್ಟಿಗೆ, ಮಡಚಿಟ್ಟ ಕಾಗದದ ನಕ್ಷತ್ರ.

ನಕ್ಷತ್ರದ ಒಡತಿ ಬಾಗಿಲ ಕಂಬಕ್ಕೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದಾಳೆ. ‘ಗೋದಲಿಗೆ ಲೈಟ್ ಹಾಕಿದ್ರಾ? ಇಸ್ತ್ರಿಗೆ ಕೊಟ್ಟ ಬಟ್ಟೆ ಬಂತಾ? ಎಂಟಕ್ಕೆ ಪೂಜೆ. ನೀವು ಮಕ್ಕಳನ್ನು ಕರಕೊಂಡು ಹೊರಡಿ, ನಾನು ನೇರ ಇಗರ್ಜಿಗೇ ಬರ್ತೇನೆ.’

ಕಳ್ವಾ, ಮುಂಬ್ರಾ, ದಿವಾ, ಕೋಪರ್. ಒಂದೊಂದು ನಿಲ್ದಾಣದಲ್ಲೂ ಜನ ಇಳಿಯುತ್ತಾರೆ, ಇಳಿದವರಿಗಿಂತ ಹೆಚ್ಚು ಮಂದಿ ಹತ್ತುತ್ತಾರೆ. ಕಚೇರಿ ಬಿಟ್ಟ ಓಟ ಇನ್ನೂ ಮುಗಿದಿಲ್ಲ, ಹಬ್ಬದ ಓಟ ಶುರುವಾಗಿದೆ. ಶತಮಾನಗಳಿಂದ ಶಾಂತಿಯ ಹಬ್ಬವೆಂದು ಕರೆಸಿಕೊಂಡ ದಿನ ಈ ಹಳಿಯ ಮೇಲೆ ಬರುವುದು ಹೀಗೆ, ಏದುಸಿರು ಬಿಡುತ್ತಾ.

ಓಟ ಕಟ್ಟಿದ ಊರುಗಳು

ಇಲ್ಲಿನ ಬದುಕನ್ನು ರೂಪಿಸಿದ್ದೇ ರೈಲು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಥಾಣೆಗೆ 34 ಕಿಲೊಮೀಟರ್ ಓಡಿತು. ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. ಖಾಡಿಯ ಆಚೆ 1970ರಲ್ಲಿ ಸಿಡ್ಕೊ ಸಂಸ್ಥೆ ಹೊಸ ನಗರ ಕಟ್ಟಲು ಇಳಿಯಿತು. 1992ರಲ್ಲಿ ಲೋಕಲ್ ಸೇತುವೆ ದಾಟಿ ವಾಶಿಗೆ ಬಂತು. ಮುಂಬಯಿಯಲ್ಲಿ ದುಡಿಮೆ, ಇಲ್ಲಿ ಮನೆ. ನಡುವೆ ದಿನಕ್ಕೆ ಎರಡು ಸಲ ರೈಲು. ಲಕ್ಷಾಂತರ ಜನರ ಆಯುಷ್ಯ ಈ ಲೆಕ್ಕದಲ್ಲೇ ಸಾಗಿದೆ.

ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿ ಎದುರುಬದುರು ಹಾದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದು ಪ್ರಾಣ ಕಳಕೊಂಡರು. ಅವರೆಲ್ಲ ಎಂದಿನಂತೆ ಬೆಳಗಿನ ಗಾಡಿ ಹಿಡಿದವರು. ನಿಶಿಕಾಂತ್ ಕಾಮತ್ 2005ರಲ್ಲಿ ಮರಾಠಿಯಲ್ಲಿ ಮಾಡಿದ ‘ಡೊಂಬಿವಲಿ ಫಾಸ್ಟ್’ ಚಿತ್ರದ ನಾಯಕ ಇಂಥದೇ ಗಾಡಿಯಲ್ಲಿ ದಿನವೂ ಓಡಾಡುವ ಬ್ಯಾಂಕ್ ನೌಕರ. ಒಂದು ದಿನ ಅವನೊಳಗಿನ ಸಹನೆ ಹರಿದುಹೋಗುತ್ತದೆ. ಆ ಚಿತ್ರ ನೋಡಿದ ಇಲ್ಲಿನವರಿಗೆ ಅದು ಪರದೆಯ ಕತೆ ಅನ್ನಿಸಲಿಲ್ಲ.

ಇಂಥ ಊರಲ್ಲಿ ಶಾಂತಿಯ ಮಾತಾಡುವವರು ಜವಾಬ್ದಾರಿಯಿಂದ ಆಡಬೇಕು. ಗ್ರೀಟಿಂಗ್ ಕಾರ್ಡಿನ ಹಿಮ, ದೀಪಗಳ ಸರ, ಮಾಲ್‌ನ ಹಾಡು ಇವರ ದಣಿವನ್ನು ಮುಟ್ಟುವುದಿಲ್ಲ. ಆದರೆ ಮೊದಲ ಕ್ರಿಸ್‌ಮಸ್ ಮುಟ್ಟುತ್ತದೆ. ಯಾಕೆಂದರೆ ಅದೂ ದಣಿದವರ ನಡುವೆಯೇ ನಡೆದದ್ದು.

ನೈಟ್ ಡ್ಯೂಟಿಯವರಿಗೆ ಬಂದ ಸುದ್ದಿ

ಲೂಕನ ಸುವಾರ್ತೆ ಕತೆಯನ್ನು ಆರಂಭಿಸುವುದು ಒಂದು ಸರ್ಕಾರಿ ಆದೇಶದಿಂದ. ರೋಮ್ ಚಕ್ರವರ್ತಿ ಆಗಸ್ಟಸ್ ಜನಗಣತಿಗೆ ಅಪ್ಪಣೆ ಕೊಡುತ್ತಾನೆ. ಜನ ಊರೂರಿಗೆ ಓಡುತ್ತಾರೆ. ಬೆತ್ಲೆಹೇಮಿನಲ್ಲಿ ದಿನ ತುಂಬಿದ ಬಸುರಿ ಮರಿಯಾಳಿಗೆ ತಂಗಲು ಕೋಣೆ ಸಿಗುವುದಿಲ್ಲ. ಕೂಸನ್ನು ದನಗಳ ಮೇವಿನ ತೊಟ್ಟಿಯಲ್ಲಿ ಮಲಗಿಸುತ್ತಾರೆ.

ಅದೇ ಆಗಸ್ಟಸ್‌ನ ಗೌರವಕ್ಕೆಂದು ರೋಮ್ ನಗರದಲ್ಲಿ ಕ್ರಿ.ಪೂ. 9ರಲ್ಲಿ ಶಾಂತಿದೇವತೆಯ ಅಮೃತಶಿಲೆಯ ಬಲಿಪೀಠ ಸಮರ್ಪಣೆಯಾಗಿತ್ತು. ಅದು ಸೈನ್ಯ ಗೆದ್ದು ತಂದ ಶಾಂತಿ. ಸುವಾರ್ತೆ ಹೇಳುವ ಶಾಂತಿ ಆ ದಾರಿಯಲ್ಲಿ ಬರಲಿಲ್ಲ. ರಾತ್ರಿ ಬಯಲಲ್ಲಿ ಕುರಿ ಕಾಯುತ್ತಿದ್ದ ಕೂಲಿಯವರ ಬಳಿಗೆ ಬಂತು. ದೇವದೂತರು ಶಾಂತಿ ಸಾರಿದ್ದು ಅವರಿಗೆ.

ಆ ಕುರುಬರು ರಜೆಯಲ್ಲಿರಲಿಲ್ಲ. ಡ್ಯೂಟಿಯಲ್ಲಿದ್ದರು. ಸುದ್ದಿ ಕೇಳಿದರು, ಒಂದಿಷ್ಟು ಹೊತ್ತು ಕೆಲಸ ಬಿಟ್ಟು ಹೋದರು, ಕೂಸನ್ನು ನೋಡಿದರು, ಹಾಡುತ್ತಾ ಮರಳಿದರು. ಬಾಳಂತಿ ಮರಿಯಾ ಎಲ್ಲವನ್ನೂ ಮನಸ್ಸಿನಲ್ಲಿಟ್ಟು ಯೋಚಿಸುತ್ತಿದ್ದಳು ಎನ್ನುತ್ತಾನೆ ಲೂಕ. ಆ ರಾತ್ರಿ ದೊಡ್ಡ ಸಾಧನೆ ಮಾಡಿದವರು ಯಾರೂ ಇಲ್ಲ. ನಿಂತು ಕೇಳಿದವರಿದ್ದಾರೆ, ನೋಡಿದವರಿದ್ದಾರೆ, ಪಡೆದವರಿದ್ದಾರೆ.

ಈ ನಾಲ್ಕು ಊರುಗಳಲ್ಲಿ ಇಂದಿಗೂ ಆ ಕುರುಬರ ಸಂತತಿ ಎಚ್ಚರವಿರುತ್ತದೆ. ತುರ್ಭೆಯ ಎಪಿಎಂಸಿ ಮಾರುಕಟ್ಟೆಗೆ ತರಕಾರಿ ಲಾರಿಗಳು ನಡುರಾತ್ರಿ ಬಂದು ನಿಲ್ಲುತ್ತವೆ, ಮಾಥಾಡಿ ಕಾರ್ಮಿಕರು ಮೂಟೆ ಇಳಿಸುತ್ತಾರೆ. ಐರೋಲಿ, ಮಹಾಪೆಯ ಕಚೇರಿಗಳಲ್ಲಿ ಅಮೆರಿಕದ ಹಗಲಿಗೆ ಹೊಂದಿಕೊಂಡ ಪಾಳಿ. ಆಸ್ಪತ್ರೆಗಳಲ್ಲಿ ನರ್ಸ್‌ಗಳು, ಯಾರ್ಡಿನಲ್ಲಿ ಮೋಟರ್‌ಮನ್, ಗೇಟಿನಲ್ಲಿ ವಾಚ್‌ಮನ್, ಕದ ಹಾಕಿದ ಮೇಲೂ ಪಾತ್ರೆ ತೊಳೆಯುವ ಉಡುಪಿ ಹೋಟೆಲಿನ ಹುಡುಗರು.

ಚರ್ಚಿಗೆ ಬರಲಾಗದ ಇವರಿಗೆ ಕ್ರಿಸ್‌ಮಸ್ ತಪ್ಪಿಹೋಯಿತು ಎಂದುಕೊಂಡರೆ ಕತೆಯನ್ನು ತಲೆಕೆಳಗು ಓದಿದಂತೆ. ಮೊದಲ ಸುದ್ದಿ ಹೋದದ್ದೇ ಇಂಥವರ ಪಾಳಿಗೆ. ವಾರ್ಡಿನ ಕೊನೆಯ ಕಿಟಕಿಯ ಬಳಿ ಎರಡು ನಿಮಿಷ ನಿಂತು ಕಣ್ಣು ಮುಚ್ಚುವ ನರ್ಸ್, ಮೂಟೆಗೆ ಒರಗಿ ಉಸಿರು ತೆಗೆದುಕೊಳ್ಳುವ ಹಮಾಲ, ಇಬ್ಬರೂ ಬೆತ್ಲೆಹೇಮಿನ ಬಯಲಿಗೆ ಬಲು ಹತ್ತಿರದಲ್ಲಿದ್ದಾರೆ.

▪ ಬಾಕ್ಸ್: ಗೋದಲಿಯ ಬಳಗ ಥಾಣೆಗೆ ಬಂದಾಗ

* 1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು, ಎತ್ತು, ಕತ್ತೆ ತರಿಸಿ ಯೇಸುವಿನ ಜನನದ ದೃಶ್ಯ ಕಟ್ಟಿದರು. ಗೋದಲಿಯ ಪದ್ಧತಿ ಜನಪ್ರಿಯವಾದದ್ದು ಅಲ್ಲಿಂದ.
* ನೂರು ವರ್ಷ ತುಂಬುವ ಮೊದಲೇ ಅವರ ಸಭೆಯ ಸನ್ಯಾಸಿಗಳು ಥಾಣೆಯಲ್ಲಿದ್ದರು. ಹೊರ್ಮುಜ್‌ನಿಂದ ಅವರು ಹೊರಟದ್ದು ಕೊಲ್ಲಂಗೆ. ಹಡಗು ತಂದು ಇಳಿಸಿದ್ದು ಥಾಣೆಯಲ್ಲಿ.
* ತೊಲೆಂತಿನೊದ ಥಾಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್ ಮತ್ತು ಜಾರ್ಜಿಯಾ ದೇಶದ ದೆಮೆತ್ರಿಯೊ 1321ರ ಏಪ್ರಿಲ್‌ನಲ್ಲಿ ಇಲ್ಲೇ ಹುತಾತ್ಮರಾದರು.
* ಬಳಿಕ ಬಂದ ಪ್ರವಾಸಿ ಸನ್ಯಾಸಿ ಒದೊರಿಕ್, ಥಾಣೆಯಲ್ಲಿ ಆಗ ಪೂರ್ವದೇಶದ ಸಂಪ್ರದಾಯದ ಕ್ರೈಸ್ತರ 15 ಮನೆಗಳಿದ್ದವೆಂದು ಬರೆದಿಟ್ಟ. ಹುತಾತ್ಮರ ಅಸ್ಥಿಗಳನ್ನು ಚೀನಾಕ್ಕೆ ಒಯ್ದವನೂ ಅವನೇ.

ಹತ್ತು ಗಂಟೆಯ ಒಳಗಿನ ಮಧ್ಯರಾತ್ರಿ

ಥಾಣೆ ನಿಲ್ದಾಣದಿಂದ ಜಾಂಬಳಿ ನಾಕಾದ ಸಂತೆಯನ್ನು ಸೀಳಿಕೊಂಡು ನಡೆದರೆ ಮಾಸುಂದಾ ತಲಾವ್. ಅದರ ಹತ್ತಿರವೇ ಪೋರ್ಚುಗೀಸರ ಕಾಲದಿಂದ ಬಂದ ಸೇಂಟ್ ಜಾನ್ ದಿ ಬ್ಯಾಪ್ಟಿಸ್ಟ್ ಚರ್ಚ್. ಥಾಣೆಯಲ್ಲಿ ಪೋರ್ಚುಗೀಸರ ಆಳ್ವಿಕೆ 1737ರಲ್ಲಿ ಮುಗಿಯಿತು. ಅವರ ಕೋಟೆ ಇಂದು ಸೆಂಟ್ರಲ್ ಜೈಲು. ಪ್ರಾರ್ಥನೆ ಮಾತ್ರ ಆಳುವವರೆಲ್ಲ ಬದಲಾದ ಮೇಲೂ ಉಳಿಯಿತು.

ಈ ಭಾಗದಲ್ಲಿ ಕ್ರಿಸ್‌ಮಸ್ ರಾತ್ರಿಯ ಬಲಿಪೂಜೆ ಹಲವು ಕಡೆ ಈಗ ಮಧ್ಯರಾತ್ರಿಗೆ ನಡೆಯುವುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದ ಕೆಲವೇ ದಿನಗಳಿಗೆ ಸರ್ಕಾರ ಸಡಿಲಿಕೆ ಕೊಡಬಹುದು. ಚರ್ಚಿನೊಳಗೆ ಹಿಡಿಸದಷ್ಟು ಜನ ಸೇರುವುದರಿಂದ ಪೂಜೆ ಅಂಗಳದಲ್ಲಿ. ಹಾಗಾಗಿ ಅನೇಕ ಚರ್ಚುಗಳು ಸಂಜೆಯೇ ಆರಂಭಿಸಿ ಹತ್ತರೊಳಗೆ ಮುಗಿಸುತ್ತವೆ.

ಹಳಬರಿಗೆ ಇದು ನೋವು. ಹನ್ನೆರಡರ ಗಂಟೆಗೆ ಕಾಯುವ ಸುಖವೇ ಬೇರೆ ಎನ್ನುತ್ತಾರೆ. ಆ ಮಾತಲ್ಲಿ ನಿಜವಿದೆ. ಆದರೆ ಪಕ್ಕದ ಕಟ್ಟಡದಲ್ಲಿ ಮಲಗಿದ ರೋಗಿಯ ನಿದ್ದೆಗೆ ಬೆಲೆ ಕೊಟ್ಟು ತನ್ನ ದನಿ ತಗ್ಗಿಸುವ ಚರ್ಚು ಶಾಂತಿಯನ್ನು ಬೋಧಿಸುವ ಮೊದಲೇ ಪಾಲಿಸುತ್ತಿದೆ.

ಬಲಿಪೀಠದಿಂದ ಕೈಗೆ, ಕೈಯಿಂದ ಕೈಗೆ

ಶಾಂತಿಯನ್ನು ಪಡೆಯುವುದೆಂದರೇನು? ಇದಕ್ಕೆ ಚರ್ಚು ಪುಸ್ತಕದ ವ್ಯಾಖ್ಯಾನಕ್ಕಿಂತ ಹೆಚ್ಚಾಗಿ ಕೈಗಳ ಮೂಲಕ ಉತ್ತರ ಕೊಡುತ್ತದೆ.

ಕಲ್ಯಾಣ್ ಸಿರೊ ಮಲಬಾರ್ ಸಭೆಯ ಒಂದು ಕೇಂದ್ರ. ದುಡಿಮೆ ಹುಡುಕಿ ಬಂದ ಕೇರಳದ ಕ್ರೈಸ್ತರಿಗಾಗಿ 1988ರಲ್ಲಿ ಇಲ್ಲಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. 2025ರಲ್ಲಿ ಅದು ಮಹಾಧರ್ಮಪ್ರಾಂತ್ಯವಾಯಿತು. ಸೇಂಟ್ ಥಾಮಸ್ ಕೆಥೆಡ್ರಲ್ ಅದರ ಪ್ರಧಾನ ಆಲಯ. ಬೆತ್ಲೆಹೇಮಿನ ದೇವದೂತರ ಸ್ತುತಿ ಅವರ ಬಲಿಪೂಜೆಯಾದ ಕುರ್ಬಾನದ ಆರಂಭದಲ್ಲೇ ಬರುತ್ತದೆ, ಡಿಸೆಂಬರ್‌ನಲ್ಲಿ ಮಾತ್ರವಲ್ಲ, ವರ್ಷವಿಡೀ. ಮುಂದೆ ಶಾಂತಿಯ ವಿನಿಮಯದ ಗಳಿಗೆ ಬಂದಾಗ ಅದು ಬಲಿಪೀಠದ ಕಡೆಯಿಂದ ಹೊರಡುತ್ತದೆ. ಸೇವೆಯಲ್ಲಿರುವವರು ಜೋಡಿಸಿದ ಕೈಗಳಿಂದ ಮುಂದಿನ ಸಾಲಿನವರ ಕೈ ಮುಟ್ಟುತ್ತಾರೆ. ಅವರು ಹಿಂದಿನವರಿಗೆ ಕೊಡುತ್ತಾರೆ. ಹೀಗೆ ಸಾಲಿನಿಂದ ಸಾಲಿಗೆ ಹೋಗಿ ಕೊನೆಯ ಬೆಂಚು ತಲುಪುತ್ತದೆ. ಯಾರೂ ಅದನ್ನು ತಾವೇ ಹುಟ್ಟಿಸುವುದಿಲ್ಲ. ಇನ್ನೊಬ್ಬರಿಂದ ಬಂದದ್ದನ್ನೇ ಎಲ್ಲರೂ ದಾಟಿಸುತ್ತಾರೆ.

ಥಾಣೆ, ವಾಶಿಯ ಲ್ಯಾಟಿನ್ ಸಂಪ್ರದಾಯದ ಚರ್ಚುಗಳಲ್ಲಿ ಜನ ಪರಸ್ಪರ ಕೈಮುಗಿದು ಶಾಂತಿ ಕೋರುತ್ತಾರೆ. ಭಾರತದ ಧರ್ಮಾಧ್ಯಕ್ಷರು ಕೇಳಿಕೊಂಡ 12 ಅಳವಡಿಕೆಗಳಿಗೆ 1969ರಲ್ಲಿ ರೋಮ್ ಒಪ್ಪಿದಾಗ ಈ ಅಂಜಲಿಯೂ ಅದರಲ್ಲಿತ್ತು. ಮುಗಿದ ಕೈ ಬೇರೇನನ್ನೂ ಹಿಡಿಯಲಾರದು: ಫೋನನ್ನೂ, ಚೀಲವನ್ನೂ. ನಿಲ್ಲುವುದಕ್ಕೆ ಇದಕ್ಕಿಂತ ಸರಳ ಪಾಠ ಬೇಕಿಲ್ಲ.

ಮಲಂಕರ ಸಿರಿಯನ್ ಪರಂಪರೆಯ ಚರ್ಚುಗಳಲ್ಲಿ ಕ್ರಿಸ್‌ಮಸ್ ಆರಾಧನೆಯ ನಡುವೆ ಜನ ಹೊರಗೆ ಬಂದು ಶಿಲುಬೆಯಾಕಾರದ ಕುಳಿಯ ಸುತ್ತ ಸೇರುತ್ತಾರೆ. ಗರಿಗಳ ಹಬ್ಬದಂದು ಆಶೀರ್ವದಿಸಿ ಇಟ್ಟುಕೊಂಡ ಒಣಗರಿಗಳಿಗೆ ಅಲ್ಲಿ ಬೆಂಕಿ ತಾಕಿಸುತ್ತಾರೆ, ಧೂಪ ಹಾಕುತ್ತಾರೆ. ಅದು ಕುರುಬರು ಚಳಿ ಕಾಯಿಸಿದ ಬೆಂಕಿಯ ನೆನಪು. ಅಪಾರ್ಟ್‌ಮೆಂಟುಗಳ ನಡುವಿನ ಆ ಬೆಂಕಿಯ ಸುತ್ತ ನಿಂತವರಲ್ಲಿ ಎಷ್ಟೋ ಮಂದಿ ಬೆಳಿಗ್ಗೆ ಮತ್ತೆ ಡ್ಯೂಟಿಗೆ ಹೋಗಬೇಕಾದವರು.

ಕುಸ್ವಾರ್ ಕರಿಯುವ ಕೈಗಳು

ಡಿಸೆಂಬರ್ ಮೂರನೆಯ ವಾರದಲ್ಲಿ ಥಾಣೆ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಮಂಗಳೂರಿಗೆ ಹೋಗುವ ಮತ್ಸ್ಯಗಂಧಾಕ್ಕೆ ಕಾಯುವವರ ಕೈಯಲ್ಲಿ ದೊಡ್ಡ ದೊಡ್ಡ ಬ್ಯಾಗುಗಳು. 1998ರಲ್ಲಿ ಕೊಂಕಣ ರೈಲು ಶುರುವಾದ ಮೇಲೆ ಊರು ಒಂದು ರಾತ್ರಿಯ ದೂರಕ್ಕೆ ಬಂತು. ಕಲ್ಯಾಣ್‌ನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವವರ ದಾರಿ ಬೇರೆ: ಸೊಲ್ಲಾಪುರ ದಾಟಿ ಕಲಬುರಗಿ. ಬೀದರ, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಮೆಥೊಡಿಸ್ಟ್ ಸಭೆ ಬೇರೂರಿದೆ. ಅಲ್ಲಿಂದ ಕಟ್ಟಡ ಕೆಲಸಕ್ಕೆಂದು ಬಂದವರಿಗೂ ಇದು ವರ್ಷದ ದೊಡ್ಡ ಹಬ್ಬ.

ರಜೆ ಸಿಗದವರು ಇಲ್ಲೇ ಊರು ಕಟ್ಟಿಕೊಳ್ಳುತ್ತಾರೆ. ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲೂ ಮಂಗಳೂರು ಮೂಲದ ಕುಟುಂಬ ಹಬ್ಬದ ತಿಂಡಿಗಳಾದ ಕುಸ್ವಾರ್ ಬಿಡುವುದಿಲ್ಲ. ಕಿಡ್ಯೊ, ನೆವ್ರಿ, ಗುಳಿಯೊ, ತುಕ್ಡಿ, ಕೊಕ್ಕಿಸಾಂ, ಚಕ್ಕುಲಿ. ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಪ್ರಾರ್ಥನೆಯ ಪುಸ್ತಕ ಕಪಾಟಿನಿಂದ ಹೊರಬರುತ್ತದೆ. ಅಕ್ಕಪಕ್ಕದ ಮರಾಠಿ, ಗುಜರಾತಿ, ತುಳು ಮನೆಗಳಿಗೆ ತಟ್ಟೆ ಹೋಗುತ್ತದೆ. ದೀಪಾವಳಿಯಲ್ಲಿ ಫರಾಳ ಬಂದ ತಟ್ಟೆ ಖಾಲಿ ಮರಳಬಾರದಲ್ಲ.

ಈ ಸಂಭ್ರಮದೊಳಗೆ ಒಂದು ಮಾತನ್ನು ನೇರವಾಗಿ ಹೇಳಬೇಕು. ಇಷ್ಟೂ ಕರಿಯುವುದು, ಒರೆಸುವುದು, ಹಂಚುವುದು ಹೆಚ್ಚಿನ ಮನೆಗಳಲ್ಲಿ ಒಬ್ಬ ಹೆಣ್ಣಿನ ಹೆಗಲ ಮೇಲೆ. ಬೆಳಿಗ್ಗೆ ಐದಕ್ಕೆ ಎದ್ದು, ಲೋಕಲ್ ಹಿಡಿದು, ಕಚೇರಿ ಮುಗಿಸಿ ಬಂದು ಎಣ್ಣೆ ಬಾಣಲೆಯ ಮುಂದೆ ನಿಲ್ಲುವವಳು ಅವಳು. ಮನೆಮಂದಿಯೆಲ್ಲ ಶಾಂತಿಯ ಹಬ್ಬ ಆಚರಿಸುವಾಗ ಅವಳೊಬ್ಬಳು ಬೆನ್ನುನೋವಿನಲ್ಲಿ ಮಲಗಿದರೆ ಆ ಮನೆಗೆ ಶಾಂತಿ ಬಂದಿಲ್ಲ. ಎರಡು ಬಗೆ ತಿಂಡಿ ಕಡಿಮೆಯಾಗಲಿ. ಉಳಿದದ್ದನ್ನು ಬೇಕರಿಯಿಂದ ತರಲಿ. ಗಂಡ, ಮಕ್ಕಳು ನೆವ್ರಿಯ ಅಂಚು ಮಡಚಲು ಕೂರಲಿ. ತುಂಬಿದ ಕೊಡಕ್ಕೆ ಇನ್ನೊಂದು ಹನಿಯೂ ಹಿಡಿಸುವುದಿಲ್ಲ; ತುಂಬಿದ ದಿನವೂ ಹಾಗೆಯೇ. ದೇವರಿಗೆ ಜಾಗ ಬೇಕಾದರೆ ಏನನ್ನಾದರೂ ಇಳಿಸಲೇಬೇಕು.

▪ ಬಾಕ್ಸ್: ಕಾಯುವುದನ್ನು ಕಲಿಸಿದವರು

* ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಸಿದ್ಧತೆಯ ಅವಧಿ. ಚರ್ಚಿನಲ್ಲಿ ನೇರಳೆ ವಸ್ತ್ರ, ವಾರಕ್ಕೊಂದರಂತೆ ಹಚ್ಚುವ ಮೊಂಬತ್ತಿ.
* ಮೊಂಬತ್ತಿಯ ಚಕ್ರದ ಪದ್ಧತಿ 1839ರದು. ಹ್ಯಾಂಬರ್ಗ್‌ನ ಪಾದ್ರಿ ಯೋಹಾನ್ ಹಿನ್ರಿಚ್ ವಿಚರ್ನ್ ತಾನು ಸಾಕುತ್ತಿದ್ದ ಬಡಮಕ್ಕಳು ‘ಹಬ್ಬಕ್ಕೆ ಇನ್ನೆಷ್ಟು ದಿನ’ ಎಂದು ಕೇಳುತ್ತಿದ್ದುದಕ್ಕೆ ಬಂಡಿಚಕ್ರಕ್ಕೆ ಮೊಂಬತ್ತಿ ಸಿಕ್ಕಿಸಿದ.
* ‘ಸೈಲೆಂಟ್ ನೈಟ್’ ಹಾಡು ಮೊದಲು ಕೇಳಿದ್ದು 1818ರ ಡಿಸೆಂಬರ್ 24ರಂದು, ಆಸ್ಟ್ರಿಯಾದ ಓಬರ್ನ್‌ಡೋರ್ಫ್‌ನಲ್ಲಿ. ಪದ ಪಾದ್ರಿ ಯೋಸೆಫ್ ಮೋರ್ ಅವರದು, ರಾಗ ಶಾಲಾ ಮಾಸ್ತರ ಫ್ರಾನ್ಸ್ ಕ್ಸೇವರ್ ಗ್ರೂಬರ್ ಅವರದು. ಪಕ್ಕವಾದ್ಯವಾಗಿ ಇದ್ದದ್ದು ಒಂದು ಗಿಟಾರ್.

ಅಳುವವರ ಮನೆಯಲ್ಲಿ ಕ್ರಿಸ್‌ಮಸ್

ಎಲ್ಲರ ಮನೆಯಲ್ಲೂ ನಕ್ಷತ್ರ ತೂಗುವುದಿಲ್ಲ. ಈ ವರ್ಷ ಯಾರನ್ನೋ ಮಣ್ಣು ಮಾಡಿ ಬಂದ ಮನೆಗಳಿವೆ. ಕೆಲಸ ಹೋದದ್ದನ್ನು ಹೆಂಡತಿಗೆ ಹೇಳಲಾಗದೆ ದಿನವೂ ಅದೇ ಗಾಡಿ ಹತ್ತುವವರಿದ್ದಾರೆ. ಮಗ ದುಬೈಯಲ್ಲಿ, ಮಗಳು ಕೆನಡಾದಲ್ಲಿ ಇದ್ದು, ಎರಡು ಕೋಣೆಗಳಲ್ಲಿ ಒಬ್ಬೊಬ್ಬರೇ ಉಳಿದ ಹಿರಿಯರಿದ್ದಾರೆ. ಹಬ್ಬದ ಹಾಡು ಅವರ ಗಾಯವನ್ನೇ ಕೆದಕುತ್ತದೆ.

2023ರಲ್ಲಿ ಗಾಜಾದ ಯುದ್ಧದ ನಡುವೆ ಬೆತ್ಲೆಹೇಮ್ ತನ್ನ ಹಬ್ಬದ ಅಲಂಕಾರವನ್ನೆಲ್ಲ ಕೈಬಿಟ್ಟಿತು. ಅಲ್ಲಿನ ಲೂಥರನ್ ಚರ್ಚೊಂದರಲ್ಲಿ ಕೂಸಿನ ಗೊಂಬೆಯನ್ನು ಒಡೆದ ಕಾಂಕ್ರೀಟಿನ ರಾಶಿಯ ನಡುವೆ ಮಲಗಿಸಿದರು. ಆ ಚಿತ್ರ ಲೋಕವೆಲ್ಲ ಸುತ್ತಿತು. ಶಾಂತಿ ಎಂದರೆ ಎಲ್ಲವೂ ನೆಟ್ಟಗಾದ ಮೇಲೆ ಬರುವ ನೆಮ್ಮದಿ ಎಂದು ತಿಳಿದವರಿಗೆ ಆ ಗೋದಲಿ ಉತ್ತರ ಕೊಟ್ಟಿತು. ಏನೂ ನೆಟ್ಟಗಿಲ್ಲದ ಕಡೆಗೇ ದೇವರು ಬಂದ ಎಂಬುದೇ ಕ್ರಿಸ್‌ಮಸ್‌ನ ನಂಬಿಕೆ.

ಹಾಗಾಗಿ ದುಃಖ ಮುಗಿಯಲಿ, ಸಾಲ ತೀರಲಿ, ಆಮೇಲೆ ಪ್ರಾರ್ಥನೆಗೆ ಕೂರುತ್ತೇನೆ ಎಂದು ಕಾಯಬೇಕಿಲ್ಲ. ನಿಂತ ಗಳಿಗೆಯಲ್ಲಿ ಅಳು ಬಂದರೆ ಅಳಬಹುದು. ಮಾತು ಹೊರಡದಿದ್ದರೆ ಸುಮ್ಮನಿರಬಹುದು. ಪಡೆಯುವವರಿಗೆ ಅರ್ಹತೆಯ ಪರೀಕ್ಷೆಯಿಲ್ಲ. ಆ ರಾತ್ರಿ ಕುರುಬರಿಗೂ ಇರಲಿಲ್ಲ.

▪ ಬಾಕ್ಸ್: ಹತ್ತು ನಿಮಿಷದ ನಿಲುಗಡೆ

* ಎಲ್ಲಿ: ಗೋದಲಿಯ ಮುಂದೆ, ಅಡುಗೆಮನೆಯ ಮೂಲೆಯಲ್ಲಿ, ಟೆರೇಸಿನಲ್ಲಿ, ಡ್ಯೂಟಿಯ ನಡುವಿನ ಚಹಾ ಹೊತ್ತಿನಲ್ಲಿ. ಕಚೇರಿ ದಾರಿಯ ಚರ್ಚಿನ ಬಾಗಿಲು ತೆರೆದಿದ್ದರೆ ಒಳಗೆ ಹೋಗಿ ಕೂರಿ.
* ಮೊದಲು: ಫೋನನ್ನು ಬೇರೆ ಕೋಣೆಯಲ್ಲಿಡಿ. ಕೈ ಖಾಲಿಯಿರಲಿ. ಉಸಿರು ತಾನಾಗಿ ನಿಧಾನವಾಗಲಿ.
* ಆಮೇಲೆ: ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದ ಮೊದಲ 20 ವಚನಗಳನ್ನು ಮೆಲ್ಲಗೆ ಓದಿ. ಮನಸ್ಸು ನಿಂತ ಕಡೆ ನಿಲ್ಲಿ.
* ಹೆಸರಿಟ್ಟು ಹೇಳಿ: ಭಾರವಾಗಿರುವ ಒಂದು ಸಂಗತಿಯನ್ನು ದೇವರ ಮುಂದೆ ಅದರ ಹೆಸರಿನಿಂದಲೇ ಹೇಳಿ.
* ಮಕ್ಕಳಿದ್ದರೆ: ದೀಪವಾರಿಸಿ ಒಂದೇ ಮೊಂಬತ್ತಿ ಹಚ್ಚಿ, ಒಂದು ಹಾಡು ಹೇಳಿ. ಅಷ್ಟೇ ಸಾಕು.

ಪಡೆದದ್ದನ್ನು ಏನು ಮಾಡುವುದು?

ಕ್ರಿಸ್‌ಮಸ್ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಎಂಟು ದಿನ ನಡೆದು ಜನವರಿ 1ಕ್ಕೆ ಬರುತ್ತದೆ. ಆ ದಿನವನ್ನು ಕಥೋಲಿಕ ಸಭೆ 1968ರಿಂದ ವಿಶ್ವಶಾಂತಿ ದಿನವಾಗಿ ಆಚರಿಸುತ್ತಿದೆ. 2025ರ ಮೇ 8ರಂದು ಆಯ್ಕೆಯಾದ ಪೋಪ್ ಲಿಯೊ XIV ವ್ಯಾಟಿಕನ್‌ನ ಮಾಡದಿಂದ ಜನರಿಗೆ ಮೊದಲು ಹೇಳಿದ್ದೂ ಶಾಂತಿಯ ಹಾರೈಕೆಯನ್ನೇ. ಗೋದಲಿಯ ಮುಂದೆ ಪಡೆದದ್ದು ಮನೆಯ ಹೊಸ್ತಿಲು ದಾಟಬೇಕು ಎಂಬುದೇ ಈ ಎಂಟು ದಿನಗಳ ಅರ್ಥ.

ಹೊಸ್ತಿಲಾಚೆ ಕೆಲಸ ಬೇಕಾದಷ್ಟಿದೆ. ಸೊಸೈಟಿಯ ಪಾರ್ಕಿಂಗ್ ಜಗಳಕ್ಕೆ ಮಾತು ಬಿಟ್ಟ ನೆರೆಯವರು. ಊರಿನ ಜಾಗದ ಪಾಲಿಗಾಗಿ ದೂರವಾದ ಅಣ್ಣತಮ್ಮಂದಿರು. ಮದುವೆಗೆ ಒಪ್ಪಲಿಲ್ಲವೆಂದು ಮನೆ ಬಿಟ್ಟ ಮಗಳು. ಹತ್ತು ನಿಮಿಷ ಕೂತು ಎದ್ದವರಿಗೆ ಇಂಥ ಒಂದು ಹೆಸರು ನೆನಪಾದರೆ ಅದನ್ನು ತಳ್ಳಿಹಾಕಬಾರದು. ಪ್ರಾರ್ಥನೆಗೆ ಸಿಕ್ಕ ಉತ್ತರ ಅದೇ ಇರಬಹುದು.

ನಮ್ಮ ಊರುಗಳು ಓಡುವುದನ್ನು ನಿಲ್ಲಿಸುವುದಿಲ್ಲ. ಇಎಂಐ ಇದೆ, ಫೀಸು ಇದೆ, ಗಾಡಿಯ ವೇಳೆಯಿದೆ. ದೇವರು ಇವನ್ನೆಲ್ಲ ಬಿಟ್ಟು ಬಾ ಎನ್ನುತ್ತಿಲ್ಲ. ಕುರುಬರನ್ನೂ ಕುರಿಗಳ ಬಳಿಗೆ ಮರಳಲು ಬಿಟ್ಟ. ಆದರೆ ಅವರು ಹೋದಂತೆಯೇ ಮರಳಲಿಲ್ಲ. ಕಂಡದ್ದನ್ನು ಎಲ್ಲರಿಗೂ ಹೇಳುತ್ತಾ ಬಂದರು.

ಈ ಕ್ರಿಸ್‌ಮಸ್‌ಗೆ ನಿಮ್ಮ ಪಟ್ಟಿಯಲ್ಲಿ ಒಂದು ಕೆಲಸ ಬಾಕಿ ಉಳಿಯಲಿ. ಪರದೆ ತೊಳೆಯದಿದ್ದರೂ ಹಬ್ಬ ಆಗುತ್ತದೆ. ಆ ಹೊತ್ತಿನಲ್ಲಿ ನಿಂತು ಪಡೆಯಿರಿ. ಆಮೇಲೆ, ವರ್ಷಗಳಿಂದ ಒತ್ತದೆ ಉಳಿದ ಒಂದು ನಂಬರಿಗೆ ಫೋನ್ ಮಾಡಿ.